ಉಲ್ಟಾ ವಾಲ್ವ್

5 ಜೂನ್ 2024, ಬುಧವಾರ, ರಾತ್ರಿ

ಮೂರು ದಿನ ಆದ್ಮೇಲೆ ಇವತ್ತು ನೆಟ್ಟಗೆ ಸ್ನಾನ ಮಾಡ್ದೆ. ಉಗುರು ಸಂದೀಲಿ ಇನ್ನೂ ಕೆಂಪುಮಣ್ಣು ಇದೆ, ಅಮ್ಮ ನೋಡಿ ಏನೋ ಗದ್ದೆ ಉಳೋಕೆ ಹೋಗಿದ್ಯಾ ಅಂದ್ರು. ನಿದ್ದೆ ಎಳೀತಿದೆ, ಆದ್ರೂ ಬರೆದಿಟ್ಟೇ ಮಲಗ್ತೀನಿ, ನಾಳೆ ಇನ್ನೊಂದು ಗುಂಡಿ ಶುರುವಾದ್ರೆ ಇದು ಮರೆತೇ ಹೋಗತ್ತೆ.

ಭಾನುವಾರದ ಮಳೆ ಎಲ್ರಿಗೂ ಗೊತ್ತಿರೋದೇ. 111 ಮಿ.ಮೀ. ಅಂತೆ, ಬೆಂಗಳೂರಲ್ಲಿ ಜೂನ್ ತಿಂಗಳಲ್ಲಿ ಒಂದೇ ದಿನಕ್ಕೆ ಇಷ್ಟು ಹುಯ್ದಿದ್ದು ದಾಖಲೆ. ಅದಕ್ಕೆ ಮುಂಚಿನ ದಾಖಲೆ 1891ರ ಜೂನ್ 16, 101.6 ಮಿ.ಮೀ. ಮೆಟ್ರೋ ಹಳಿ ಮೇಲೇ ಮರ ಬಿತ್ತು. ನಾನು ಮನೇಲಿ ಕೂತು ಬಜ್ಜಿ ತಿಂತಾ, ಆಹಾ, ಮಾರ್ಚಲ್ಲಿ ಒಂದು ಟ್ಯಾಂಕರಿಗೆ ಕೈ ಮುಗಿದು ಕಾಯ್ತಿದ್ದ ಊರು ಇದೇನಾ ಅಂತ ಅಂದ್ಕೊಳ್ತಿದ್ದೆ. ರಾತ್ರಿ ಹತ್ತೂವರೆಗೆ ನಮ್ಮ ನೀರಿನ ಪೈಪ್ ರಿಪೇರಿ ಕಂಟ್ರಾಕ್ಟರ್ ಫೋನು. "ಮಲ್ಲೇಶ್ವರದಲ್ಲಿ ಮರ ಬಿದ್ದು ನೀರಿನ ಲೈನ್ ಎದ್ದಿದೆ, ರಸ್ತೆ ಕುಸಿದಿದೆ, ಬೆಳಿಗ್ಗೆ ಅಲ್ಲ, ಈಗ್ಲೇ ಹೋಗು." ಬಜ್ಜಿ ಅಲ್ಲಿಗೇ ನಿಲ್ತು.

ಹೋಗಿ ನೋಡಿದ್ರೆ ದೊಡ್ಡ ಕತ್ತಿಕಾಯಿ ಮರ, ಅದೇ ಗುಲ್‌ಮೊಹರು, ರಸ್ತೆಗೆ ಅಡ್ಡ ಮಲಗಿದೆ. ಕರೆಂಟಿಲ್ಲ. ಟಾರ್ಚ್ ಬಿಟ್ರೆ ರಸ್ತೆ ತುಂಬ ಕೆಂಪು ಹೂವು, ಅದ್ರ ಮೇಲೆ ಮೊಣಕಾಲುದ್ದ ನೀರು ಹರೀತಿದೆ, ಮಳೆ ನಿಂತು ಅರ್ಧ ಗಂಟೆ ಆಗಿತ್ತು ಆದ್ರೂ ಹರೀತಿದೆ. ಅಂದ್ರೆ ಇದು ಆಕಾಶದ್ದಲ್ಲ, ಕುಡಿಯೋ ನೀರು. ಎರಡು ತಿಂಗಳ ಹಿಂದೆ ಇದೇ ನೀರಲ್ಲಿ ಕಾರ್ ತೊಳೆದ್ರೆ 5 ಸಾವಿರ ದಂಡ ಅಂತಿದ್ರು, ಈಗ ಬೀದೀಲಿ ನಿಂತಿದ್ದ ಎಲ್ಲಾ ಕಾರೂ ಪುಕ್ಕಟೆ ತೊಳ್ಕೊಂಡು ಫಳಫಳ ಅಂತಿದ್ವು.

ಮರ ಯಾಕೆ ಬಿತ್ತು ಅಂತ ಬೇರು ನೋಡಿದ್ರೇ ಗೊತ್ತಾಗ್ತಿತ್ತು. ಒಂದು ಕಡೆ ಬೇರು ನೇರ ಗೆರೆ ಎಳೆದ ಹಾಗೆ ಕಟ್ ಆಗಿದೆ, ಯಾವುದೋ ಕೇಬಲ್ ಎಳೆಯೋಕೆ ಫುಟ್‌ಪಾತ್ ಬಗೆದಿದ್ದಾರೆ. ಇನ್ನೊಂದು ಕಡೆ ಉಳಿದಿದ್ದ ಬೇರು ಹಳೇ ಬೀಡಿನ, ಅಂದ್ರೆ ಎರಕದ ಕಬ್ಬಿಣದ ಪೈಪನ್ನ ಸುತ್ಕೊಂಡು ಬೆಳೆದಿತ್ತು, ಅಜ್ಜಿ ಮೊಮ್ಮಗನ್ನ ತಬ್ಕೊಂಡ ಹಾಗೆ. ಮರ ಬೀಳ್ತಾ ಪೈಪನ್ನೂ ಎತ್ಕೊಂಡೇ ಬಿತ್ತು. ಬೀಡು ಬಗ್ಗಲ್ಲ, ಬಳೆ ಥರ ಒಡೆಯತ್ತೆ. ಅಲ್ಲಿಂದ ನುಗ್ಗಿದ ನೀರು ರಸ್ತೆ ಕೆಳಗಿನ ಮಣ್ಣನ್ನೆಲ್ಲಾ ಪಕ್ಕದ ಹಳೇ ಕಲ್ಲು ಚರಂಡಿ ಒಳಗೆ ಎಳ್ಕೊಂಡು ಹೋಗಿದೆ. ಮೇಲೆ ಟಾರು ಹಪ್ಪಳದ ಹಾಗೆ ನಿಂತಿತ್ತು, ಒಂದು ನೀರಿನ ಟ್ಯಾಂಕರಿನ ಹಿಂದಿನ ಚಕ್ರ ಅದ್ರೊಳಗೆ ಇಳಿದಿತ್ತು. ಟ್ಯಾಂಕರಿನವನು ಹಣೆ ಚಚ್ಕೊಳ್ತಿದ್ದ.

ಮೊದಲನೇ ಕೆಲಸ ನೀರು ನಿಲ್ಲಿಸೋದು. ಆಫೀಸಿಂದ ವಾಟ್ಸಾಪಲ್ಲಿ ಬಂದ ನಕ್ಷೇಲಿ ವಾಲ್ವು ರಸ್ತೆಯ ಆ ಕಡೆ ಇದೆ. ಪೈಪೂ ಆ ಕಡೇನೇ ಇದೆ. ನಮ್ಮ ಕಣ್ಣ ಮುಂದೆ ಒಡೆದಿರೋ ಪೈಪು ಈ ಕಡೆ ಇದೆ. ಯಾದಗಿರಿ ಕಡೆಯ ಹುಡುಗ್ರು ಹನ್ನೆರಡು ಗಂಟೆ ತನಕ ಆ ಕಡೆ ಅಗೆದ್ರು, ಒಂದು ಟೆಲಿಫೋನ್ ಕೇಬಲು, ಒಂದು ಚಪ್ಪಲಿ. "ಸರ್ರ, ಇಲ್ಲಿ ಏನೂ ಇಲ್ರಿ" ಅಂದ ಒಬ್ಬ. ನನಗೂ ಗೊತ್ತಾಗಿತ್ತು.

ಆಮೇಲೆ ವಾಲ್ವಣ್ಣ ಬಂದ್ರು. ಹೆಸರು ಬರೆಯಲ್ಲ, ಏರಿಯಾದಲ್ಲಿ ಎಲ್ರೂ ಕರೆಯೋದು ಹಂಗೇ. ಆ ಭಾಗಕ್ಕೆ ನೀರು ಬಿಡೋರು, ವರ್ಷಾಂತ್ಯಕ್ಕೆ ರಿಟೈರು. ಟಿವಿಎಸ್ ಮೇಲೆ ವಾಲ್ವ್ ತಿರುಗಿಸೋ ಟಿ ಆಕಾರದ ಕೀ ರಾಡು ಕಟ್ಕೊಂಡು, ಪ್ಲಾಸ್ಟಿಕ್ ಕವರು ತಲೆಗೆ ಹಾಕ್ಕೊಂಡು ಬಂದ್ರು. ನನ್ನ ಫೋನಲ್ಲಿರೋ ನಕ್ಷೆ ತೋರ್ಸಿದೆ, ನೋಡಲೇ ಇಲ್ಲ. ಗಣಪತಿ ಗುಡಿ ಮೆಟ್ಟಿಲ ಮೇಲೆ ನಿಂತು, ಅಲ್ಲಿಂದ ಹೆಜ್ಜೆ ಎಣಿಸ್ತಾ ಹೊರಟ್ರು, ಹನ್ನೊಂದು. ಮೊದಲು ಎದುರು ಮನೆ ಗೇಟಿನ ಕಲ್ಲುಕಂಬದಿಂದ ಎಣಿಸ್ತಿದ್ರಂತೆ, ಆ ಮನೆ ಕೆಡವಿ ಅಪಾರ್ಟ್‌ಮೆಂಟ್ ಬಂತು, ಅವತ್ತಿಂದ ಗಣಪತಿನೇ ಗತಿ. ಹಾರೆ ತಗೊಂಡು ಟಾರಿನ ಮೇಲೆ ಕುಟ್ಟುತ್ತಾ ಬಂದ್ರು, ದಬ್, ದಬ್, ದಬ್, ಆಮೇಲೆ ಒಂದು ಠಣ್. "ಇಲ್ಲಿ ಅಗೀರಪ್ಪ."

ಮೂರು ಪದರ ಟಾರು ಒಡೆದ ಮೇಲೆ ವಾಲ್ವಿನ ಬೀಡಿನ ಮುಚ್ಚಳ ಸಿಕ್ತು. ಪ್ರತಿ ಸಲ ರಸ್ತೆ ಮಾಡೋವಾಗ ಮೇಲೆ ಮೇಲೆ ಹಾಕ್ಕೊಂಡೇ ಹೋಗಿದ್ದಾರೆ, ಹಳೇದನ್ನ ಕೆತ್ತೋದಿಲ್ಲ, ಮುಚ್ಚಳ ಎತ್ತರಿಸೋದಿಲ್ಲ. ಅಕ್ಕಪಕ್ಕದ ಹಳೇ ಮನೆಗಳೆಲ್ಲ ಈಗ ರಸ್ತೆಗಿಂತ ಒಂದಡಿ ಕೆಳಗೆ, ಚರಂಡಿಗೆ ನೀರಿಳಿಯೋ ಬಾಯಿಗಳೂ ಟಾರಿನಡಿ. ಮಳೆನೀರು ಮನೇಗಲ್ಲದೆ ಇನ್ನೆಲ್ಲಿಗೆ ಹೋಗತ್ತೆ.

ಕೀ ಇಟ್ಟು ನಮ್ಮ ಹುಡುಗ್ರು ಬಲಕ್ಕೆ ತಿರುಗಿಸೋಕೆ ಹೋದ್ರು. ವಾಲ್ವಣ್ಣ ಓಡಿಬಂದು ಕೈ ಹಿಡ್ಕೊಂಡ್ರು. "ಬೇಡ ಬೇಡ, ಇದು ಉಲ್ಟಾ. ಎಡಕ್ಕೆ ತಿರುಗಿಸಿದ್ರೆ ಮುಚ್ಚತ್ತೆ." ಈ ಲೈನಲ್ಲಿ ಅಂಥವು ಎರಡಿದೆಯಂತೆ, ಬಾಕಿ ಎಲ್ಲಾ ಮಾಮೂಲಿ. ಯಾವ ಪೇಪರಲ್ಲೂ ಬರೆದಿಲ್ಲ. ಅವರು ಸಹಾಯಕ ಆಗಿ ಸೇರಿದಾಗ ಹಳಬರೊಬ್ಬರು ಹೇಳ್ಕೊಟ್ಟಿದ್ದು. ಬಲಕ್ಕೇ ಜೋರು ಮಾಡಿದ್ದಿದ್ರೆ ವಾಲ್ವ್ ಒಳಗಿನ ತುಕ್ಕು ಹಿಡಿದ ತಿರುಗೋ ಕಡ್ಡಿ, ಸ್ಪಿಂಡಲ್, ತುಂಡಾಗಿ ಇಡೀ ಏರಿಯಾ ನೀರು ಬಂದ್ ಮಾಡ್ಬೇಕಾಗ್ತಿತ್ತು, ಇವತ್ತು ಇದನ್ನ ಬರೆಯೋಕೆ ನಾನು ಮನೇಲಿರ್ತಿರ್ಲಿಲ್ಲ. ಸ್ವಲ್ಪ ಎಡಕ್ಕೆ, ಸ್ವಲ್ಪ ಹಿಂದಕ್ಕೆ, ಮತ್ತೆ ಎಡಕ್ಕೆ, ಎಮ್ಮೆ ಹಾಲು ಕರೆಯೋ ತಾಳ್ಮೇಲಿ ಮುಕ್ಕಾಲು ಗಂಟೆ. ಬೀದೀಲಿ ಹರಿಯೋ ಸದ್ದು ನಿಂತಾಗ ರಾತ್ರಿ ಎರಡಾಗಿತ್ತು.

ಸೋಮವಾರ ಪೂರ್ತಿ ಗುಂಡಿ ಖಾಲಿ ಮಾಡೋದ್ರಲ್ಲೇ ಹೋಯ್ತು. ಮೋಟರ್ ಇಟ್ರೆ ಐದು ನಿಮಿಷಕ್ಕೊಂದು ಸಲ ಗುಲ್‌ಮೊಹರ್ ಹೂವು ನೀರೆಳೆಯೋ ಪೈಪಿನ ಬಾಯಿಗೆ, ಫುಟ್‌ವಾಲ್ವಿಗೆ, ಕಚ್ಕೊಂಡು ನೀರು ಎಳೀತಿರ್ಲಿಲ್ಲ. ಪದವೀಧರರ ಕ್ಷೇತ್ರದ ಎಲೆಕ್ಷನ್ನು ಬೇರೆ ಅವತ್ತು, ವೋಟ್ ಹಾಕಿ ಬಂದೋರೆಲ್ಲ ಶಾಯಿ ಬೆರಳಲ್ಲಿ ಗುಂಡಿ ತೋರಿಸಿ ಬೈದು ಹೋದ್ರು. ಒಬ್ಬ ಅಂಕಲ್ಲು ಬಗ್ಗಿ ನೋಡಿ, "ಬ್ರಿಟಿಷರು ಹಾಕಿದ್ದು ಕಣ್ರೀ, ನೂರು ವರ್ಷ ಬಂತು, ನೀವು ಹಾಕಿದ್ದು ನೂರು ದಿನ ಬರಲ್ಲ" ಅಂದ್ರು.

ಈ ಮಾತು ವಾರಕ್ಕೊಂದ್ಸಲ ಕೇಳ್ತೀನಿ, ಸುಮ್ನಿರ್ತೀನಿ. ಆದ್ರೆ ದಿನಚರಿ ನಂದು, ಇಲ್ಲಿ ಉತ್ತರ ಕೊಡಬಹುದು. ಬ್ರಿಟಿಷರ ಕೈಯಲ್ಲಿದ್ದಿದ್ದು ದಂಡು, ಅಂದ್ರೆ ಕಂಟೋನ್ಮೆಂಟು. ಸ್ಯಾಂಕಿ ಕೆರೆ ಆ ಕಾಲದ್ದೇ, 1882, ಕರ್ನಲ್ ಸ್ಯಾಂಕಿ ಕಟ್ಟಿಸಿದ್ದು. ಆದ್ರೆ ಊರಿಗೆ ಮೊದಲ ಸಲ ಕೊಳಾಯಲ್ಲಿ ನೀರು ತಂದ ಹೆಸರಘಟ್ಟದ ಯೋಜನೆ ಮೈಸೂರು ಸರ್ಕಾರದ್ದು, ದಿವಾನ್ ಶೇಷಾದ್ರಿ ಅಯ್ಯರ್ ಕಾಲದ್ದು, ಹೆಸರೂ ಚಾಮರಾಜೇಂದ್ರ ವಾಟರ್ ವರ್ಕ್ಸ್. 1894ರಲ್ಲಿ ಶುರು, 1896ಕ್ಕೆ ನೀರು. ಅಲ್ಲೀ ತನಕ ಧರ್ಮಾಂಬುಧಿ, ಸಂಪಂಗಿ ಥರದ ಕೆರೆ ನೀರೇ, ಅವೆರಡೂ ಈಗ ಮೆಜೆಸ್ಟಿಕ್ ಬಸ್‌ಸ್ಟ್ಯಾಂಡು, ಕಂಠೀರವ ಸ್ಟೇಡಿಯಮ್ಮು. ಅರ್ಕಾವತಿಗೆ ಹೆಸರಘಟ್ಟದಲ್ಲಿ ಕಟ್ಟೆ, ಅಲ್ಲಿಂದ ಇಟ್ಟಿಗೆ ಕಾಲುವೇಲಿ ನೀರು ತಾನಾಗೇ ಇಳಿದು ಬರೋದು, ಸೋಲದೇವನಹಳ್ಳೀಲಿ ಸ್ಟೀಮ್ ಎಂಜಿನ್ ಇಟ್ಟು ಮಲ್ಲೇಶ್ವರದ ಕಡೆಗೆ ತಳ್ಳೋರು. ನಮ್ಮ ಅತ್ತೆ ಮನೆ ಆ ಕಡೇನೇ, ಚಿಕ್ಕೋನಿದ್ದಾಗ ಆ ಇಟ್ಟಿಗೆ ಕಾಲುವೆ ಮೇಲೆ ನಡೆದು ಬೈಸ್ಕೊಂಡಿದ್ದೀನಿ. ಆಮೇಲೆ ಕೆರೆ ಕೈ ಕೊಡ್ತು, 1933ಕ್ಕೆ ತಿಪ್ಪಗೊಂಡನಹಳ್ಳಿ ಬಂತು, 1974ಕ್ಕೆ ಕಾವೇರಿ. ನೂರು ವರ್ಷ ಬಂತು ಅಂದ್ರೆ ಸುಮ್ನೆ ಬರಲಿಲ್ಲ ಸ್ವಾಮಿ, ಯಾವ ವಾಲ್ವು ಎಡಕ್ಕೆ ಯಾವುದು ಬಲಕ್ಕೆ ಅಂತ ಒಬ್ಬರಿಂದ ಒಬ್ಬರಿಗೆ ಹೇಳ್ಕೊಂಡು ಬಂದೋರಿದ್ರು, ಅದಕ್ಕೇ ಬಂತು. ಅಂಕಲ್ಲಿಗೆ ಇದನ್ನೆಲ್ಲಾ ಹೇಳೋಷ್ಟರಲ್ಲಿ ಮೋಟರಿಗೆ ಮತ್ತೆ ಹೂವು ಕಚ್ಕೊಳ್ತು.

ಮಂಗಳವಾರ ಊರೆಲ್ಲ ಎಲೆಕ್ಷನ್ ರಿಸಲ್ಟ್ ನೋಡ್ತಿದ್ರೆ ನಾನು ಪೈಪಿನ ಹೊರಸುತ್ತು ಅಳೀತಿದ್ದೆ. ಆರಿಂಚಿನ ಪೈಪಿಗೆ ಅಂತ ತಂದಿದ್ದ ಕಾಲರ್, ಅಂದ್ರೆ ಎರಡು ಪೈಪ್ ತುದಿ ಸೇರಿಸೋ ಬಳೆ, ಕೂರ್ಲಿಲ್ಲ. ಹಳೇ ಬೀಡಿನ ಪೈಪಿನ ದಪ್ಪವೇ ಬೇರೆ, ಈಗಿನ ಡಿಐ, ಅಂದ್ರೆ ಡಕ್ಟೈಲ್ ಕಬ್ಬಿಣದ ಪೈಪಿನ ಲೆಕ್ಕವೇ ಬೇರೆ, ಎರಡು ಮಿ.ಮೀ. ವ್ಯತ್ಯಾಸಕ್ಕೆ ಮೂರು ಗಂಟೆ ಹಾಳು. ಬೈಕಲ್ಲಿ ಪೀಣ್ಯಕ್ಕೆ ಹೋಗಿ ಲೇತಲ್ಲಿ ಕಾಲರ್ ಒಳಗಡೆ ಕೆರೆಸ್ಕೊಂಡು ಬಂದೆ. ಅಷ್ಟರಲ್ಲಿ ಹುಡುಗ್ರು ಎರಡೂ ಕಡೆ ಒಡಕು ಮುಗಿಯೋ ತನಕ ಪೈಪ್ ಕತ್ತರಿಸಿದ್ರು. ಒಂದು ಜಾಯಿಂಟು ಕಳಚ್ಕೊಂಡಿತ್ತು, ಒಳಗೆ ಸೆಣಬಿನ ಹುರಿ, ಅದ್ರ ಮೇಲೆ ಕರಗಿಸಿ ಸುರಿದ ಸೀಸದ ಬಳೆ, ಉಳಿ ಏಟಿನ ಗುರುತು ಸಾಲಾಗಿ ಹಂಗೇ ಇದೆ. ಯಾರೋ ಗುಂಡೀಲಿ ಮೊಣಕಾಲೂರಿ ಕೂತು ಸುತ್ತಲೂ ಒಂದೇ ಅಳತೇಲಿ ಬಡಿದಿದ್ದಾರೆ. ಬೆರಳಿಟ್ಟು ನೋಡ್ದೆ. ಸಂಜೆ ಕಂಟ್ರಾಕ್ಟರು ಆ ತುಂಡೆಲ್ಲಾ ಗುಜರಿಗೆ ಹಾಕಿಸಿದ್ರು.

ಹೊಸ ತುಂಡು ಕೂರಿಸಿ ಬೋಲ್ಟ್ ಬಿಗಿದು ರಾತ್ರಿ ನೀರು ಬಿಟ್ವಿ. ಮೊದಲು ಕೆಸರು, ಆಮೇಲೆ ತುಕ್ಕು, ಬ್ಲೀಚಿಂಗ್ ಹಾಕಿ ಚರಂಡಿಗೆ ಬಿಟ್ಟು ತೊಳೆದ್ವಿ, ಯುಜಿಡಿ, ಅಂದ್ರೆ ಒಳಚರಂಡಿ ಲೈನ್ ಪಕ್ಕದಲ್ಲೇ ಇರೋದ್ರಿಂದ ಭಯ. ಎದುರು ಮನೆ ಆಂಟಿ ಗೇಟಲ್ಲಿ ನಿಂತು, "ಬೇಸಿಗೇಲಿ ನೀರಿಲ್ಲ ಅಂತೀರಾ ಸರಿ, ಮಳೆ ಬಂದ್ರೂ ಇಲ್ಲ ಅಂದ್ರೆ ಹೆಂಗ್ರೀ" ಅಂದ್ರು. ತಪ್ಪೇನಿಲ್ಲ. 2022ರ ಸೆಪ್ಟೆಂಬರಲ್ಲಿ ತೊರೆಕಾಡನಹಳ್ಳಿ ಪಂಪಿಂಗ್ ಸ್ಟೇಷನ್ನಿಗೇ ಪ್ರವಾಹ ನುಗ್ಗಿ ಊರಿಗೆಲ್ಲ ಕಾವೇರಿ ನಿಂತಿತ್ತಲ್ಲ.

ಗುಂಡಿ ಮುಚ್ಚೋ ಮುಂಚೆ ಅಂಚು ನೋಡ್ಬೇಕಿತ್ತು, ಲೇಯರ್ ಕೇಕು. ಮೇಲೆ ಟಾರಿನ ಪದರ, ಕೆಳಗೆ ಕೈಯಲ್ಲಿ ಜೋಡಿಸಿದ ಸೋಲಿಂಗ್ ಕಲ್ಲು, ಅದ್ರ ಕೆಳಗೆ ಕೆಂಪುಮಣ್ಣು. ನೆನೆದ ಮಣ್ಣು ವಾಪಸ್ ಹಾಕಿದ್ರೆ ತಿಂಗಳಲ್ಲಿ ಮತ್ತೆ ಕುಸಿಯತ್ತೆ, ಅದಕ್ಕೆ ಜಗಳ ಮಾಡಿ ಕ್ವಾರಿ ಡಸ್ಟು ಜಲ್ಲಿ ತರಿಸಿ ಪದರ ಪದರ ಕುಟ್ಟಿಸಿದೆ. ಟಾರು ಒದ್ದೆಗೆ ಹಿಡಿಯಲ್ಲ, ನಾಲ್ಕು ದಿನ ಬಿಸಿಲು ಬೇಕು. ಅಲ್ಲೀವರೆಗೂ ಆಟೋದವರ ಬೈಗುಳ ನಂದೇ.

ಇವತ್ತು ಬೆಳಿಗ್ಗೆ ಬ್ಯಾರಿಕೇಡ್ ಸರಿಸೋಕೆ ಹೋದ್ರೆ ಬ್ಯಾನರ್ ಕಟ್ಟಿದ್ದಾರೆ, ಪರಿಸರ ದಿನ. ಬಿದ್ದ ಮರದ ಜಾಗದಲ್ಲಿ ಗಿಡ ನೆಡೋ ಕಾರ್ಯಕ್ರಮ. ಫುಟ್‌ಪಾತ್ ಕಡೆ ನಾವು ನಿನ್ನೆ ರಾತ್ರಿ ಮುಚ್ಚಿದ ಜಾಗ ಮೆತ್ತಗಿತ್ತಲ್ಲ, ಅಗೆಯೋಕೆ ಸುಲಭ ಅಂತ ಸರಿಯಾಗಿ ಹೊಸ ಕಾಲರಿನ ನೆತ್ತಿ ಮೇಲೆ ಹೊಂಗೆ ಸಸಿ ಇಟ್ಟಿದ್ದಾರೆ. ನಾನು ಏನು ಹೇಳೋದು ಅಂತ ಯೋಚಿಸ್ತಿದ್ದೆ. ವಾಲ್ವಣ್ಣ ಟಿವಿಎಸ್ ನಿಲ್ಸಿ ಬಂದ್ರು, ಯಾರನ್ನೂ ಕೇಳದೆ ಸಸಿ ಕಿತ್ರು, ಗುಡಿ ಕಡೆಗೆ ಐದು ಹೆಜ್ಜೆ ಎಣಿಸಿದ್ರು, ಅಲ್ಲಿ ಇಟ್ರು. "ಏನ್ರೀ ಅದು!" ಅಂತ ಗಿಡ ನೆಡೋಕೆ ಬಂದಿದ್ದ ಸಂಘದ ಅಧ್ಯಕ್ಷರು ರೇಗಿದ್ರು. "ಮೇಡಂ, ಅದು ನಿಮ್ಮನೆ ನಲ್ಲಿ ಮೇಲೆ ಕೂತಿತ್ತು" ಅಂದ್ರು ಇವರು, ಅಷ್ಟೇ.

ಫೋಟೋ ತೆಗೆಯೋವಾಗ ಅವರನ್ನೂ ಕರೆದು ನಿಲ್ಸಿದ್ರು. ಎಲ್ರ ಕೈಯಲ್ಲೂ ನೀರು ಹಾಕೋ ಮಗ್ಗು, ಅವರ ಕೈಯಲ್ಲಿ ಕೀ ರಾಡು.