ಕವಾಯತು ಕಲಿಸುವಾಗ ಕಾರಣವನ್ನೂ ಹೇಳಿಕೊಡಿ

ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ಟೀಚರ್, ಪಾಠದ ಜೊತೆಗೆ ಗೈಡ್ಸ್ ಕಂಪನಿಯ, ಅಂದರೆ ಸ್ಕೌಟ್ಸ್ ಹಾಗೆ ಹುಡುಗಿಯರಿಗಿರುವ ತಂಡದ, ಕ್ಯಾಪ್ಟನ್ ಕೂಡ. ಹುಡುಗಿಯರಿಗೆ ಮಾರ್ಚಿಂಗ್ ಕಲಿಸುವುದು ಅಂದ್ರೆ ಬಿಸಿಲಲ್ಲಿ ನಿಲ್ಲಿಸಿ ‘ಏಕ್ ದೋ ಏಕ್’ ಹೇಳುವುದು ಅಂತ ಜಾಸ್ತಿ ಜನ ಅಂದುಕೊಂಡಿದ್ದಾರೆ. ಈ ಕೆಲಸದಲ್ಲಿ ನನಗೆ ಗೊತ್ತಾದದ್ದು ಬೇರೆಯೇ. ಒಂದನ್ನು ಯಾಕೆ ಹಾಗೆ ಮಾಡಬೇಕು ಅಂತ ಹೇಳಿಕೊಟ್ಟರೆ ಮಕ್ಕಳು ಚೆಂದ ಮಾಡುತ್ತಾರೆ. ಬರೀ ಆರ್ಡರ್ ಕೊಟ್ಟರೆ ನಾವು ನೋಡುವಷ್ಟು ಹೊತ್ತು ಮಾತ್ರ ಮಾಡುತ್ತಾರೆ.

ಕಮಾಂಡನ್ನೇ ನೋಡಿ. ‘ದಾಹಿನೇ’ (ಬಲಕ್ಕೆ) ಅಂದ ಮೇಲೆ ಸ್ವಲ್ಪ ಬಿಟ್ಟು ‘ಮುಡ್’ (ತಿರುಗು) ಅನ್ನಬೇಕು. ಮೊದಲಿನದು ಎಚ್ಚರಿಕೆ, ಎರಡನೆಯದು ಕೇಳಿದಾಗ ಮೈ ತಿರುಗಬೇಕು. ನಡುವಿನ ಆ ಬಿಡುವು ಗತ್ತಿಗಾಗಿ ಅಲ್ಲ, ಹಿಂದಿನ ಸಾಲಿನ ಕೊನೆಯ ಹುಡುಗಿಗೂ ಅದು ಕೇಳಿ, ಅರ್ಥವಾಗಿ, ಕಾಲು ತಯಾರಾಗಬೇಕಲ್ಲ, ಅದಕ್ಕೆ. ಇಷ್ಟು ಹೇಳಿದ ಮೇಲೆ ನಮ್ಮ ಪಟ್ರೋಲ್ ಲೀಡರ್‌ಗಳು (ಸಣ್ಣ ಗುಂಪುಗಳ ನಾಯಕಿಯರು) ಕಮಾಂಡ್ ಕೊಡುವ ಮೊದಲು ಹಿಂದಿನ ಸಾಲನ್ನು ಒಮ್ಮೆ ನೋಡಲು ಶುರು ಮಾಡಿದರು. ಅವರಿಗೆ ಹಾಗೆ ನೋಡಿ ಅಂತ ನಾನು ಹೇಳಿರಲಿಲ್ಲ.

ಹೊಸದಾಗಿ ಸೇರಿದವರಲ್ಲಿ ಒಂದು ತೊಂದರೆ ಪ್ರತಿ ವರ್ಷ ಇದ್ದದ್ದೇ. ‘ತೇಜ್ ಚಲ್’ (ಮಾರ್ಚಿಂಗ್ ಶುರು ಮಾಡುವ ಕಮಾಂಡ್) ಅಂದ ಕೂಡಲೇ ಎಡಗೈ ಎಡಗಾಲು ಒಟ್ಟಿಗೆ ಮುಂದೆ ಹೋಗುತ್ತವೆ. ಉಳಿದವರು ನಗುತ್ತಾರೆ, ಪಾಪ ಆ ಮಗುವಿನ ಮೈ ಇನ್ನೂ ಬಿಗಿಯಾಗುತ್ತದೆ. ಇಂಥ ಹುಡುಗಿಗೆ ಕೈಯ ಸುದ್ದಿಯನ್ನೇ ಎತ್ತಬಾರದು. ‘ಅಂಗಡಿಗೆ ಹೋಗುವ ಹಾಗೆ ಸುಮ್ನೆ ನಡಿ’ ಅನ್ನಬೇಕು. ನಡೆಯುತ್ತಾ ಇರುವಾಗ ಕೈ ತಾನಾಗಿ ಸರಿಯಾಗುತ್ತದೆ, ಆಮೇಲೆ ಕೈ ಎಷ್ಟು ಎತ್ತರ ಬರಬೇಕು ಅಂತ ನಿಧಾನಕ್ಕೆ ಹೇಳಿಕೊಟ್ಟರೆ ಸಾಕು. ಯಕ್ಷಗಾನ ಕಲಿಯುವ ಹುಡುಗಿಯರಿಗೆ ತಾಳ ಬೇಗ ಸಿಗುತ್ತದೆ, ಆದರೆ ಮೊಣಕೈ ಮಡಚುವ ಅಭ್ಯಾಸ ಬಿಡಿಸಲು ಸ್ವಲ್ಪ ದಿನ ಬೇಕು. ಸೈನ್ಯದ ಲೆಕ್ಕದಲ್ಲಿ ಹೆಜ್ಜೆಗೆ 30 ಇಂಚು. ಐದನೇ ಕ್ಲಾಸಿನ ಮಗುವಿಗೆ ಅದು ಓಡಿದ ಹಾಗೆ ಆಗುತ್ತದೆ. ಸಾಲಿನಲ್ಲಿ ಎಲ್ಲರಿಗಿಂತ ಗಿಡ್ಡ ಇರುವವಳ ಹೆಜ್ಜೆ ನೋಡಿ ಉಳಿದವರು ಹಾಕಬೇಕು ಅನ್ನುವುದು ನನ್ನ ಅಭಿಪ್ರಾಯ.

ಇನ್ನು ಧ್ವಜ. ನನಗೆ ಎಲ್ಲಕ್ಕಿಂತ ಇಷ್ಟದ ಭಾಗ ಇದು. ಕುದುರೆ ಲಾಳದ ಆಕಾರದಲ್ಲಿ ನಿಲ್ಲುತ್ತೇವೆ, ತೆರೆದ ಬಾಯಿಯ ಕಡೆ ಕಂಬ. ಹೀಗೆ ನಿಂತರೆ ಯಾರ ಬೆನ್ನೂ ಯಾರಿಗೂ ಅಡ್ಡ ಬರುವುದಿಲ್ಲ, ಎಲ್ಲರಿಗೂ ಧ್ವಜ ಕಾಣುತ್ತದೆ. ಸೆಲ್ಯೂಟಿನ ಮೂರು ಬೆರಳು ಪ್ರತಿಜ್ಞೆಯ ಮೂರು ಮಾತಿಗೆ: ದೇವರು ಮತ್ತು ದೇಶದ ಕಡೆಗಿನ ಕರ್ತವ್ಯ, ಇತರರಿಗೆ ಸಹಾಯ, ಗೈಡ್ ನಿಯಮ. ಧ್ವಜ ಸಂಹಿತೆಯ ಪ್ರಕಾರ ರಾಷ್ಟ್ರಧ್ವಜವನ್ನು ಚುರುಕಾಗಿ ಏರಿಸಬೇಕು, ನಿಧಾನವಾಗಿ ಗೌರವದಿಂದ ಇಳಿಸಬೇಕು. ಒಮ್ಮೆ ಏಳನೆಯ ಕ್ಲಾಸಿನವಳು ಕೇಳಿದಳು, ‘ಟೀಚರ್, ಇಳಿಸುವಾಗ ಯಾಕೆ ಇಷ್ಟು ಮೆಲ್ಲ?’ ನಾನು ಉತ್ತರ ಕೊಡುವ ಮೊದಲೇ ಪಕ್ಕದವಳು ಹೇಳಿದಳು, ‘ಬೇಗ ಮುಗಿಸಿ ಮನೆಗೆ ಹೋಗುವ ಗಡಿಬಿಡಿ ಕಾಣಬಾರದು, ಅಲ್ವಾ ಟೀಚರ್?’ ನನಗೆ ಅದಕ್ಕಿಂತ ಒಳ್ಳೆಯ ಉತ್ತರ ಹೊಳೆಯಲಿಲ್ಲ.

ಮಡಚುವುದಕ್ಕೂ ಕ್ರಮ ಇದೆ. ಧ್ವಜವನ್ನು ಅಡ್ಡ ಹಿಡಿದು, ಕೇಸರಿ ಮತ್ತು ಹಸಿರು ಪಟ್ಟಿಗಳನ್ನು ಬಿಳಿ ಪಟ್ಟಿಯ ಅಡಿಗೆ ಮಡಚಬೇಕು. ಆಮೇಲೆ ಎರಡು ಬದಿಯಿಂದ ಒಳಗೆ ಮಡಚುತ್ತಾ ಬಂದರೆ ಕೊನೆಗೆ ಅಶೋಕ ಚಕ್ರ ಮತ್ತು ಪಟ್ಟಿಗಳ ಚೂರು ಮಾತ್ರ ಮೇಲೆ ಕಾಣುತ್ತದೆ. ಅದನ್ನು ಅಂಗೈ ಮೇಲೆ ಇಟ್ಟು ಒಯ್ಯಬೇಕು. ನೆಲಕ್ಕೆ ತಾಗಬಾರದು, ನೀರಲ್ಲಿ ಎಳೆದಾಡಬಾರದು. ನಮ್ಮ ಕೆಂಪು ಮಣ್ಣಿನ ಗ್ರೌಂಡಿನಲ್ಲಿ, ಅದೂ ಆಗಸ್ಟಿನ ಮಳೆಗೆ, ಇದು ಸುಲಭದ ಮಾತಲ್ಲ. ಹಾಗಾಗಿ ಇಳಿಸುವಾಗ ಇಬ್ಬರು ಇರುತ್ತಾರೆ, ಒಬ್ಬಳು ಹಗ್ಗಕ್ಕೆ, ಇನ್ನೊಬ್ಬಳು ಕೈ ಚಾಚಿ ಹಿಡಿಯಲು.

ಆಗಸ್ಟ್ 15ರ ಬಗ್ಗೆ ಅವರಿಗೆ ಇನ್ನೊಂದು ವಿಷಯವನ್ನೂ ಹೇಳುತ್ತೇನೆ. ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ 1950ರ ನವೆಂಬರ್ 7ರಂದು ಶುರುವಾಯಿತು, ಹುಡುಗಿಯರ ಗೈಡ್ ಸಂಘಟನೆ ಅದಕ್ಕೆ ಸೇರಿದ್ದು 1951ರ ಆಗಸ್ಟ್ 15ಕ್ಕೆ. ಅಂದರೆ ಅದು ನಮ್ಮದೇ ದಿನ ಕೂಡ.

ಆ ದಿನ ಜಿಲ್ಲೆಯ ಪರೇಡ್ ವಿದ್ಯಾನಗರದ ಮುನ್ಸಿಪಲ್ ಸ್ಟೇಡಿಯಂನಲ್ಲಿ. ಒಳಗಿನ ಊರುಗಳ ಮಕ್ಕಳು ಬೆಳಗ್ಗೆ ಬೇಗ ಹೊರಡುತ್ತಾರೆ, ಎಷ್ಟೋ ಜನ ಖಾಲಿ ಹೊಟ್ಟೆಯಲ್ಲಿ. ‘ಸಾವಧಾನ್’ನಲ್ಲಿ, ಅಂದರೆ ಅಟೆನ್ಶನ್‌ನಲ್ಲಿ, ಮೊಣಕಾಲು ಬಿಗಿಹಿಡಿದು ತುಂಬಾ ಹೊತ್ತು ನಿಂತರೆ ರಕ್ತ ಕಾಲಲ್ಲೇ ನಿಂತು ತಲೆಗೆ ಹೋಗುವುದು ಕಡಿಮೆಯಾಗುತ್ತದೆ, ಕಣ್ಣು ಕತ್ತಲೆ ಬರುತ್ತದೆ. ಇದಕ್ಕೆ ‘ಹುಡುಗಿಯರು ಮೆತ್ತಗೆ’ ಅನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಗಟ್ಟಿಮುಟ್ಟಾದ ಸೈನಿಕರೂ ಹೀಗೆ ಬೀಳುತ್ತಾರೆ. ಮೊಣಕಾಲು ಸ್ವಲ್ಪ ಸಡಿಲ ಇರಲಿ, ಶೂ ಒಳಗೆ ಕಾಲ್ಬೆರಳು ಆಡಿಸುತ್ತಾ ಇರಿ, ಹೊರಗೆ ಯಾರಿಗೂ ಗೊತ್ತಾಗುವುದಿಲ್ಲ ಅಂತ ಹೇಳಿಕೊಡುತ್ತೇನೆ. ಮನೆಯವರಿಗೆ ಹಿಂದಿನ ದಿನವೇ ಫೋನ್ ಮಾಡಿ, ಒಂದು ಬಟ್ಟಲು ಗಂಜಿಯಾದರೂ ಕುಡಿಸಿ ಕಳಿಸಿ ಅನ್ನುತ್ತೇನೆ. ತಲೆ ತಿರುಗಿದರೆ ಅಲ್ಲೇ ಕೂತುಬಿಡಬೇಕು, ಸಾಲು ಕೆಡುತ್ತದೆ ಅಂತ ತಡೆದು ನಿಲ್ಲಬಾರದು. ಇದನ್ನು ಮಾತ್ರ ಮತ್ತೆ ಮತ್ತೆ ಹೇಳುತ್ತೇನೆ.

ಗೈಡ್ಸ್‌ನ ರಾಜ್ಯ ಮಟ್ಟದ ಪ್ರಶಸ್ತಿಯಾದ ರಾಜ್ಯ ಪುರಸ್ಕಾರ ಆದರೆ ಎಸ್ಸೆಸ್ಸೆಲ್ಸಿಗೆ ಗ್ರೇಸ್ ಮಾರ್ಕ್ ಇದೆ ಅಂತ ಸೇರುವವರೂ ಇದ್ದಾರೆ. ಅದರಲ್ಲಿ ತಪ್ಪೇನಿಲ್ಲ, ಅವರೂ ಎಲ್ಲರ ಹಾಗೆಯೇ ಕಲಿಯುತ್ತಾರೆ.

ಹೊಸದಾಗಿ ಕ್ಯಾಪ್ಟನ್ ಆದ ಟೀಚರ್‌ಗಳಿಗೆ ಒಂದು ಮಾತು. ಜೂನ್, ಜುಲೈನಲ್ಲಿ ನಮ್ಮ ಕಡೆ ಗ್ರೌಂಡ್ ಸಿಗುವುದಿಲ್ಲ ಅಂತ ಕಾಯಬೇಡಿ. ಧ್ವಜ ಮಡಚುವುದು, ಹಗ್ಗವನ್ನು ಕಂಬಕ್ಕೆ ಕ್ಲೋವ್ ಹಿಚ್ ಅನ್ನುವ ಗಂಟು ಹಾಕಿ ಕಟ್ಟುವುದು, ವಿಸಿಲ್ ಸಂಕೇತ, ಕಮಾಂಡ್ ಕೊಡುವ ದನಿ, ಎಲ್ಲವೂ ವರಾಂಡದಲ್ಲೇ ಆಗುತ್ತದೆ. ಕಮಾಂಡನ್ನು ಒಬ್ಬೊಬ್ಬಳಿಂದಲೂ ಹೇಳಿಸಿ, ಜೋರು ದನಿಯವಳಿಂದ ಮಾತ್ರ ಬೇಡ. ಹಂಚಿನ ಮೇಲೆ ಮಳೆ ಸುರಿಯುವಾಗ ವರಾಂಡದ ಆ ತುದಿಗೆ ಕೇಳುವಂತೆ ‘ಸಾವಧಾನ್’ ಹೇಳಲು ಬಂದವಳಿಗೆ ಸ್ಟೇಡಿಯಂನಲ್ಲಿ ಮೈಕ್ ಬೇಕಾಗುವುದಿಲ್ಲ.