ಹೈಟಿ ಶಾಲೆಗೊಂದು ಪುಸ್ತಕ ಪೆಟ್ಟಿಗೆ: ಕೆಲಸ ಎಲ್ಲಿಗೆ ಬಂತು

ಫೆಬ್ರವರಿ 2025

ಪೆಟ್ಟಿಗೆ ಈಗ ಬಿಸಿಲಿನ ಬಲದಲ್ಲೇ ನಡೆಯುತ್ತಿದೆ. ಮೊದಲ ಬಾರಿ ಓದುತ್ತಿರುವವರಿಗೆ ಎರಡು ಮಾತು: ಬಾಸ್ಟನ್ನಿನ ನಮ್ಮ ಕ್ಯಾಥೊಲಿಕ್ ಧರ್ಮಕೇಂದ್ರದಲ್ಲಿ ಹೈಟಿಯವರು ಬಹಳ ಮಂದಿ ಇದ್ದಾರೆ. ಅವರ ಮೂಲಕ, ಉತ್ತರ ಹೈಟಿಯಲ್ಲಿ ಧರ್ಮಭಗಿನಿಯರು ನಡೆಸುವ ಪ್ರಾಥಮಿಕ ಶಾಲೆಯೊಂದರ ಪರಿಚಯವಾಯಿತು. ಇಂಟರ್ನೆಟ್ ಇಲ್ಲದೆಯೂ ಮಕ್ಕಳು ಮೊಬೈಲ್ ಅಥವಾ ಟ್ಯಾಬ್ಲೆಟ್ಟಿನಲ್ಲಿ ಓದಬಹುದಾದ ಪುಟ್ಟ ಗ್ರಂಥಾಲಯವನ್ನು ವಾರಾಂತ್ಯಗಳಲ್ಲಿ ಅದಕ್ಕಾಗಿ ಕಟ್ಟುತ್ತಿದ್ದೇನೆ. ಒಳಗಿರುವುದು ರಾಸ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರ್. ಅದರಲ್ಲಿ ಪಾಠಗಳನ್ನೂ ವಿಕಿಪೀಡಿಯದಂಥ ತಾಣಗಳನ್ನೂ ಇಂಟರ್ನೆಟ್ ಇಲ್ಲದೆ ತೋರಿಸುವ ಕೊಲಿಬ್ರಿ, ಕಿವಿಕ್ಸ್ ತಂತ್ರಾಂಶಗಳು. ಪೆಟ್ಟಿಗೆಯೇ ತನ್ನ ವೈಫೈ ಹರಡುತ್ತದೆ.

ಲೆಕ್ಕ ಸರಳ. ಬಿಸಿಲಿನಿಂದ ತುಂಬುವ 12 ವೋಲ್ಟ್, 20 ಆಂಪಿಯರ್-ಅವರ್ ಬ್ಯಾಟರಿಯಲ್ಲಿ 240 ವಾಟ್-ಅವರ್ ಶಕ್ತಿ. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡಿದರೆ ಅದರ ಆಯುಸ್ಸು ಕುಗ್ಗುತ್ತದೆ, ಹಾಗಾಗಿ ಕೈಗೆ ಸಿಗುವುದು 120. ಕಂಪ್ಯೂಟರ್ ಸುಮಾರು 5 ವಾಟ್ ಎಳೆಯುತ್ತದೆ. ಅಲ್ಲಿಲ್ಲಿ ಸೋರಿಹೋಗುವುದನ್ನು ಕಳೆದರೂ ಮೋಡ ಕವಿದ ಎರಡು ಮೂರು ಶಾಲಾ ದಿನಗಳು ದಾಟುತ್ತವೆ. ಕಾಡುವುದು ವಿದ್ಯುತ್ತಿನ ಕೊರತೆಗಿಂತ ಅದು ಹಠಾತ್ತನೆ ಹೋಗುವ ಪರಿ: ಬರೆಯುತ್ತಿರುವಾಗ ವಿದ್ಯುತ್ ಕಡಿದರೆ ಮೆಮೊರಿ ಕಾರ್ಡ್ ಕೆಡುತ್ತದೆ. ಆದ್ದರಿಂದ ಮೂಲ ತಂತ್ರಾಂಶವನ್ನು ಓದಲು ಮಾತ್ರ ಬರುವಂತೆ ಬೀಗ ಹಾಕಿ, ಮಕ್ಕಳ ದಾಖಲೆಗಳನ್ನು ಎಸ್‌ಎಸ್‌ಡಿ ಎಂಬ ಬೇರೆ ಸಂಗ್ರಹ ಸಾಧನಕ್ಕೆ ಹಾಕಿದ್ದೇನೆ.

ಏಪ್ರಿಲ್

ಯಂತ್ರದ ಕೆಲಸ ಮುಗಿಯುತ್ತಿದ್ದಂತೆ ನಿಜವಾದ ಕೆಲಸ ಶುರುವಾಗಿದೆ. ಪೆಟ್ಟಿಗೆಯೊಳಗೆ ಏನಿಡಬೇಕು, ಯಾವ ಭಾಷೆಯಲ್ಲಿ?

ಹೈಟಿಯಲ್ಲಿ ಹೆಚ್ಚುಕಡಿಮೆ ಎಲ್ಲರ ಮನೆಮಾತು, ಬಹುಪಾಲು ಫ್ರೆಂಚ್ ಪದಗಳಿಂದ ಬೆಳೆದ ಕ್ರಿಯೋಲ್ ಭಾಷೆ. ಶಾಲೆಯ ಪುಸ್ತಕ ಮಾತ್ರ ಬಹುಮಟ್ಟಿಗೆ ಫ್ರೆಂಚ್. ಇದರಲ್ಲಿ ಮಿಷನ್ನುಗಳ ಪಾಲು ಸಣ್ಣದಲ್ಲ. 1860ರಲ್ಲಿ ವ್ಯಾಟಿಕನ್ ಜೊತೆ ಒಪ್ಪಂದವಾದ ಮೇಲೆ, 1864ರಲ್ಲಿ ಫ್ರಾನ್ಸಿನ ಬ್ರಿಟನಿಯಿಂದ ಬೋಧಕ ಸಹೋದರರು ಬಂದರು. ದೇಶದ ಹೆಸರಾಂತ ಶಾಲೆಗಳು ಅವರ ಕೈಯಲ್ಲಿ ಫ್ರೆಂಚಿನಲ್ಲೇ ಬೆಳೆದವು. ಇಂದಿಗೂ ಅಲ್ಲಿನ ಶೇ 80ಕ್ಕೂ ಹೆಚ್ಚು ಶಾಲೆಗಳು ಸರ್ಕಾರದವಲ್ಲ, ಅವುಗಳಲ್ಲಿ ಬಹಳಷ್ಟು ಚರ್ಚುಗಳ ಆಶ್ರಯದಲ್ಲಿವೆ. ಆದರೆ ಕ್ರಿಯೋಲನ್ನು ಕಾಗದಕ್ಕಿಳಿಸಲು ದುಡಿದವರಲ್ಲೂ ಮಿಷನರಿಗಳಿದ್ದರು. 1940ರ ದಶಕದಲ್ಲಿ ಐರಿಷ್ ಮೆಥೊಡಿಸ್ಟ್ ಪಾದ್ರಿ ಆರ್ಮಂಡ್ ಮೆಕಾನೆಲ್, ಸಾಕ್ಷರತಾ ಕಾರ್ಯಕರ್ತ ಫ್ರಾಂಕ್ ಲಾಬಕ್ ಜೊತೆಗೂಡಿ, ಉಚ್ಚರಿಸಿದಂತೆಯೇ ಬರೆಯುವ ಲಿಪಿಕ್ರಮವೊಂದನ್ನು ರೂಪಿಸಿದರು. ಅದರಲ್ಲಿನ ಕೆ, ಡಬ್ಲ್ಯು, ವೈ ಅಕ್ಷರಗಳು ಇಂಗ್ಲಿಷರ ವಾಸನೆ ಹೊಡೆಯುತ್ತವೆ ಎಂದು ಹೈಟಿಯವರೇ ಆದ ವಿದ್ವಾಂಸ ಶಾರ್ಲ್-ಫೆರ್ನಾನ್ ಪ್ರೆಸ್ವಾರ್ ಜಗಳಕ್ಕೆ ನಿಂತರು. 1979ರ ಹೊತ್ತಿಗೆ ಅಧಿಕೃತ ಲಿಪಿಕ್ರಮ ಬಂದಾಗ ಆ ಅಕ್ಷರಗಳೇ ಉಳಿದುಕೊಂಡವು. ಕಿಟೆಲ್ ನಿಘಂಟು ಅಚ್ಚಾದ ಮಂಗಳೂರಿನಲ್ಲಿ ಹುಟ್ಟಿದ ನನಗೆ ಇಂಥ ಪಾದ್ರಿಗಳ ಮೇಲೆ ಸ್ವಲ್ಪ ಪಕ್ಷಪಾತವಿದೆ, ಒಪ್ಪುತ್ತೇನೆ.

1987ರ ಸಂವಿಧಾನ ಕ್ರಿಯೋಲ್, ಫ್ರೆಂಚ್ ಎರಡನ್ನೂ ಅಧಿಕೃತಗೊಳಿಸಿದೆ. ಆದರೂ ಪೋಷಕರಿಗೆ ಫ್ರೆಂಚ್ ಬೇಕು. ಹೊಟ್ಟೆ ಕಟ್ಟಿ ಶುಲ್ಕ ಕಟ್ಟುವವರು ಅವರು. ಕ್ರಿಯೋಲ್ ಮನೆಯಲ್ಲೇ ಬರುತ್ತದಲ್ಲ, ಅದನ್ನು ಕಲಿಸಲು ಶಾಲೆ ಏಕೆ ಎನ್ನುತ್ತಾರೆ. ಈ ಪ್ರಶ್ನೆಯನ್ನು ಕನ್ನಡ ಮಾಧ್ಯಮದ ಜಗಳದಲ್ಲಿ ಎಷ್ಟು ಸಲ ಕೇಳಿಲ್ಲ! ಅವರನ್ನು ತಪ್ಪೆನ್ನಲಾರೆ, ಕಚೇರಿಯ ಬಾಗಿಲು ಫ್ರೆಂಚಿಗೇ ತೆರೆಯುವ ದೇಶವದು. ಆದರೆ ಅರ್ಥವಾಗದ ಭಾಷೆಯ ಪಾಠವನ್ನು ಉರು ಹೊಡೆಯುವ ಮಗು ಕೊನೆಗೆ ಫ್ರೆಂಚನ್ನೂ ಕಲಿಯುವುದಿಲ್ಲ. ನಮ್ಮ ದಾನಿಗಳು ಕಟ್ಟಡಕ್ಕೆ ಹಣ ಕೊಡುವಷ್ಟು ಉತ್ಸಾಹದಿಂದ ಕ್ರಿಯೋಲ್ ಕಥೆಪುಸ್ತಕಕ್ಕೆ ಕೊಡುವುದಿಲ್ಲ ಎಂಬುದು ನನ್ನ ಖಾಯಂ ತಕರಾರು. ಪುಸ್ತಕಕ್ಕೆ ದಾನಿಯ ಹೆಸರಿನ ಕಲ್ಲು ಕೂರಿಸಲಾಗುವುದಿಲ್ಲವಲ್ಲ.

ಮುಖ್ಯೋಪಾಧ್ಯಾಯಿನಿಯೇ ದಾರಿ ಹೇಳಿದರು: ಮೊದಲ ಎರಡು ತರಗತಿಗೆ ಕ್ರಿಯೋಲ್ ಮಾತ್ರ, ಮೂರನೆಯದರಿಂದ ಎದುರುಬದುರು ಪುಟಗಳಲ್ಲಿ ಎರಡೂ ಭಾಷೆ.

ಜೂನ್

ಕಥೆಗಳ ಮೊದಲ ಕಂತು ಸಿದ್ಧ. ಬೆಂಗಳೂರಿನ ಪ್ರಥಮ್ ಬುಕ್ಸ್‌ನ ಮಕ್ಕಳ ಕಥೆಗಳ ಜಾಲತಾಣ ಸ್ಟೋರಿವೀವರ್ ಇಲ್ಲಿ ಒದಗಿಬಂತು. ಅಲ್ಲಿನ ಪುಸ್ತಕಗಳು ಮುಕ್ತ ಪರವಾನಗಿಯವು, ಮೂಲ ಕರ್ತೃಗಳ ಹೆಸರು ಉಳಿಸಿಕೊಂಡು ಯಾರೂ ಅನುವಾದಿಸಬಹುದು. ಮಾವು, ಮಳೆ, ಮೇಕೆ ಇರುವ ಕಥೆಗಳನ್ನೇ ಆರಿಸಿದೆವು. ಮೂರೂ ಹೈಟಿಯಲ್ಲಿ ಬೇಕಾದಷ್ಟಿವೆ. ಒಂದರಲ್ಲಿ ಆಟೋರಿಕ್ಷಾ ಇತ್ತು. ಅದನ್ನು ಅಲ್ಲಿನ ಬಣ್ಣಬಣ್ಣದ ಟ್ಯಾಪ್-ಟ್ಯಾಪ್ ಗಾಡಿ ಮಾಡೋಣವೇ ಎಂದು ಕೇಳಿದ್ದಕ್ಕೆ, ಕರಡು ತಿದ್ದುವ ನಿವೃತ್ತ ಶಿಕ್ಷಕಿ ನಕ್ಕರು. ಚಿತ್ರದಲ್ಲಿ ಮೂರೇ ಚಕ್ರವಿರುವುದನ್ನು ಮಕ್ಕಳು ಮೊದಲು ನೋಡುತ್ತಾರೆ, ಇರಲಿ ಬಿಡಿ ಎಂದರು. ಇದ್ದಂತೆಯೇ ಬಿಟ್ಟೆವು.

ಧ್ವನಿಮುದ್ರಣವೂ ನಡೆದಿದೆ. ಚರ್ಚಿನ ಬಲಿಪೂಜೆ (ಮಾಸ್) ಮುಗಿದ ಮೇಲೆ ಧರ್ಮಕೇಂದ್ರದ ಸಭಾಂಗಣದಲ್ಲಿ ಅಜ್ಜಿಯರು ಬೂಕಿ ಮತ್ತು ಮಾಲಿಸರ ಕಥೆ ಹೇಳುತ್ತಾರೆ. ಬೂಕಿ ಹೊಟ್ಟೆಬಾಕ ಪೆದ್ದ, ಮಾಲಿಸ್ ಕಿಲಾಡಿ. ಹೇಳುವವರು "ಕ್ರಿಕ್?" ಎಂದರೆ ಕೇಳುವವರು "ಕ್ರಾಕ್!" ಎನ್ನದೆ ಕಥೆ ಮುಂದೆ ಹೋಗುವುದಿಲ್ಲ. ಹಾಗಾಗಿ ಧ್ವನಿಯಲ್ಲಿ ಆ ಜಾಗ ಖಾಲಿ ಬಿಟ್ಟಿದ್ದೇನೆ, ತರಗತಿಯ ಮಕ್ಕಳೇ ಕೂಗಲಿ. ಒಬ್ಬ ಅಜ್ಜಿಗೆ ಮಾತ್ರ ಮೌನದ ಮುಂದೆ ಕಥೆ ಹೇಳುವುದು ಸುತರಾಂ ಒಗ್ಗಲಿಲ್ಲ. ಅವರಿಗಾಗಿ ನಾನೇ ಕೂಗಿ, ಆಮೇಲೆ ನನ್ನ ದನಿ ಕತ್ತರಿಸಿದೆ.

ಸಾಗಣೆ ಬಾಕಿ. 2024ರ ನವೆಂಬರಿನಲ್ಲಿ ವಿಮಾನಗಳಿಗೆ ಗುಂಡು ತಗುಲಿದ ನಂತರ ಅಮೆರಿಕದ ವಿಮಾನಗಳು ರಾಜಧಾನಿ ಪೋರ್ಟ್-ಒ-ಪ್ರಿನ್ಸ್‌ಗೆ ಹೋಗುತ್ತಿಲ್ಲ. ಸಶಸ್ತ್ರ ಗುಂಪುಗಳ ಹಿಂಸೆಗೆ ಹತ್ತು ಲಕ್ಷಕ್ಕೂ ಹೆಚ್ಚು ಜನ ಮನೆ ಬಿಟ್ಟಿದ್ದಾರೆ. ಹಾಗೆ ಬಂದ ಮಕ್ಕಳಿಂದ ಈ ಶಾಲೆಯ ಬೆಂಚುಗಳೂ ತುಂಬಿವೆ. ಪೆಟ್ಟಿಗೆ ಉತ್ತರದ ನಗರ ಕ್ಯಾಪ್-ಹೈಶಿಯನ್ ಮೂಲಕ ಹೋಗಬೇಕು. ಬ್ಯಾಟರಿಯನ್ನು ಅಲ್ಲೇ ಕೊಳ್ಳುವುದು ಜಾಣತನ, ವಿಮಾನದ ಕಟ್ಟಳೆಗಳ ರಗಳೆ ತಪ್ಪುತ್ತದೆ. ಶಾಲೆ ಮತ್ತೆ ತೆರೆಯುವುದರೊಳಗೆ ಮೂರನೇ ತರಗತಿಯ ಜೋಡಿ ಪುಟಗಳ ಕರಡು ತಿದ್ದಿ ಮುಗಿಸಬೇಕು. ಫ್ರೆಂಚ್ ಭಾಗ ನೋಡಿಕೊಡಬಲ್ಲ ಕನ್ನಡಿಗರು ಯಾರಾದರೂ ಇದ್ದರೆ ತಿಳಿಸಿ.