ದುಡಿಮೆಯಿರುವ ನಾಡಿನಲ್ಲಿ ಬಡತನವೇಕೆ?

ಕೊಡಗಿನವನೆಂದು ತಿಳಿದ ಕೂಡಲೇ ಹೊರಗಿನವರು ನನ್ನನ್ನು ಕೇಳುವ ಪ್ರಶ್ನೆಯೊಂದಿದೆ. ಊರಿನ ಮದುವೆಮನೆಗಳಲ್ಲಿ ನಮ್ಮವರೇ ಅದನ್ನು ಇನ್ನಷ್ಟು ಗಟ್ಟಿಯಾಗಿ ಕೇಳುತ್ತಾರೆ. ಕಾಫಿಗೆ ಒಳ್ಳೆಯ ಬೆಲೆ ಬಂದಿದೆ, ತೋಟಗಳಿಗೆ ಆಳು ಸಿಗದೆ ಅಸ್ಸಾಮಿನಿಂದ ಕರೆಸಿಕೊಳ್ಳುತ್ತಿದ್ದೇವೆ, ಬೇಕೆಂದವರಿಗೆ ಕೆಲಸವಿದೆ. ಹಾಗಿದ್ದೂ ಲೈನ್ ಮನೆಗಳ (ತೋಟದ ಕೂಲಿಯವರು ವಾಸಿಸುವ ಸಾಲುಮನೆಗಳ) ಜನ ತಲೆಮಾರುಗಳಿಂದ ಬಡವರಾಗಿಯೇ ಉಳಿದಿರುವುದಕ್ಕೆ ಅವರ ಸೋಮಾರಿತನ ಮತ್ತು ಕುಡಿತವೇ ಕಾರಣವಲ್ಲವೇ? ಪ್ರಪಂಚದ ಬಡತನದ ಮಾತು ಬಂದಾಗಲೂ ಇದೇ ಪ್ರಶ್ನೆ ದೇಶಗಳ ಹೆಸರಿನಲ್ಲಿ ಮರಳಿ ಬರುತ್ತದೆ: ಆಫ್ರಿಕಾದವರು ಏಕೆ ಮೇಲೆ ಬರಲಿಲ್ಲ? ನನಗೆ ಎರಡೂ ಒಂದೇ ಪ್ರಶ್ನೆಯಾಗಿ ಕಾಣುವುದರಿಂದ ಉತ್ತರವನ್ನೂ ಒಟ್ಟಿಗೇ ಬರೆಯುತ್ತಿದ್ದೇನೆ.

ಮೊದಲು ಕುಡಿತದ ಮಾತು. ಅದು ಲೈನ್ ಮನೆಗಳಲ್ಲಿ ಸಂಸಾರಗಳನ್ನು ಹಾಳುಮಾಡಿದೆ ಎಂಬುದು ನಿಜ, ಅದರ ಪೆಟ್ಟು ಹೆಚ್ಚಾಗಿ ಹೆಂಗಸರ ಮೇಲೆ ಬಿದ್ದಿದೆ ಎಂಬುದೂ ನಿಜ. ಆದರೆ ಕುಡಿತ ತೋಟದ ಒಡೆಯರ ಮನೆಗಳಲ್ಲಿಯೂ ಇದೆ. ಅಲ್ಲಿ ಜಮೀನು ಆ ಪೆಟ್ಟನ್ನು ತಡೆದುಕೊಳ್ಳುತ್ತದೆ, ಮಕ್ಕಳ ಶಾಲೆ ನಿಲ್ಲುವುದಿಲ್ಲ. ಒಂದೇ ದುರಭ್ಯಾಸ ಒಬ್ಬನನ್ನು ಬೀದಿಗೆ ತಳ್ಳಿ ಇನ್ನೊಬ್ಬನನ್ನು ಬಿಟ್ಟುಬಿಡುವುದಾದರೆ ವ್ಯತ್ಯಾಸ ಇರುವುದು ಅಭ್ಯಾಸದಲ್ಲಲ್ಲ, ಆಸರೆಯಲ್ಲಿ. ಇನ್ನು ಸೋಮಾರಿತನದ ಆರೋಪವನ್ನು, ಜನವರಿಯ ಕೊಯ್ಲಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ರೊಬಸ್ಟಾ ಕಾಫಿ ಕುಯ್ದು, ಮೂಟೆ ಹೊತ್ತು ಕಣಕ್ಕೆ ತರುವ ಪಣಿಯರವರು, ಜೇನುಕುರುಬರು ಮೊದಲಾದ ಆದಿವಾಸಿಗಳನ್ನು ನೋಡಿದ ಯಾರೂ ಮಾಡಲಾರರು.

ಅವರಿಗೆ ಇಲ್ಲದಿರುವುದು ಕೆಲಸವಲ್ಲ, ಹಕ್ಕು. ಲೈನ್ ಮನೆ ಕೆಲಸದ ಜೊತೆಗೆ ಬರುತ್ತದೆ, ಕೆಲಸದ ಜೊತೆಗೇ ಹೋಗುತ್ತದೆ. ಕಾಯಿಲೆಗೋ ಮದುವೆಗೋ ಮುಂಗಡ ತೆಗೆದುಕೊಂಡರೆ ವಾರದ ಬಟವಾಡೆಯಲ್ಲಿ ಅದನ್ನು ಮುರಿದುಕೊಳ್ಳುತ್ತಾರೆ, ಉಳಿದುದರಲ್ಲಿ ಸಂತೆ ಮುಗಿಯುವುದಿಲ್ಲ, ಮತ್ತೆ ಮುಂಗಡ ಬೇಕಾಗುತ್ತದೆ. ಪಕ್ಕದ ತೋಟದಲ್ಲಿ ಹೆಚ್ಚು ಕೂಲಿ ಕೊಡುತ್ತಾರೆಂದು ಗೊತ್ತಿದ್ದರೂ ಬಾಕಿಯಿರುವವನು ಹೊರಡುವಂತಿಲ್ಲ. ಜೀತವನ್ನು 1976ರ ಕಾಯ್ದೆ ರದ್ದುಪಡಿಸಿದೆಯಾದರೂ, ಮನೆ ಮತ್ತು ಸಾಲ ಎರಡೂ ಒಬ್ಬನದೇ ಕೈಯಲ್ಲಿ ಇರುವ ತನಕ ಕೂಲಿಯ ಬಗ್ಗೆ ಚೌಕಾಸಿ ಮಾಡುವ ಶಕ್ತಿ ಕಾರ್ಮಿಕನಿಗೆ ಬರುವುದಿಲ್ಲ. ಇದಕ್ಕೆ ಒಂದು ಚರಿತ್ರೆಯೂ ಇದೆ. 1834ರಲ್ಲಿ ಕೊಡಗು ಬ್ರಿಟಿಷರ ವಶವಾದ ಮೇಲೆ, ಆ ಶತಮಾನದ ಮಧ್ಯಭಾಗದಿಂದ ಕಾಫಿ ಹಬ್ಬುತ್ತಾ ಹೋದಂತೆ, ಕಾಡಿನ ಒಂದು ಭಾಗ ತೋಟವಾಯಿತು, ಇನ್ನೊಂದು ಭಾಗ ಮೀಸಲು ಅರಣ್ಯವಾಯಿತು. ಆ ಕಾಡಿನಲ್ಲಿ ಬಾಳಿದವರ ಹೆಸರು ಎರಡೂ ಕಡೆಯ ದಾಖಲೆಗಳಲ್ಲಿ ಬರಲಿಲ್ಲ. 2016ರ ಡಿಸೆಂಬರಿನಲ್ಲಿ ಕೊಡಗಿನ ದಿಡ್ಡಳ್ಳಿಯಲ್ಲಿ ಐನೂರಕ್ಕೂ ಹೆಚ್ಚು ಆದಿವಾಸಿ ಕುಟುಂಬಗಳ ಗುಡಿಸಲುಗಳನ್ನು ಕೆಡವಿದಾಗ ನಾಡು ಬೆಚ್ಚಿಬಿದ್ದಿತು. ಅಲ್ಲಿ ಗುಡಿಸಲು ಹಾಕಿದವರಲ್ಲಿ ಅನೇಕರು ಲೈನ್ ಮನೆಗಳಿಂದ ಹೊರಬಂದವರು, ಕೂಲಿ ಇದ್ದವರು. ಅವರು ಕೇಳಿದ್ದು ತಮ್ಮದೆನ್ನುವ ಒಂದು ತುಂಡು ನೆಲವನ್ನು.

ತೋಟದ ಆಚೆಗೆ ನೋಡಿದರೆ ಬೆಳೆಗಾರನ ಕೈಯಲ್ಲಿಯೂ ಎಲ್ಲವೂ ಇಲ್ಲ. ಕಾಫಿಯ ಎರಡು ಮುಖ್ಯ ಬಗೆಗಳಲ್ಲಿ ಅರೇಬಿಕಾದ ಬೆಲೆ ನ್ಯೂಯಾರ್ಕಿನಲ್ಲಿ, ರೊಬಸ್ಟಾದ ಬೆಲೆ ಲಂಡನ್ನಿನಲ್ಲಿ ನಿರ್ಧಾರವಾಗುತ್ತದೆ. ಬೆಳೆಯುವ ದೇಶಗಳೂ ಕೊಳ್ಳುವ ದೇಶಗಳೂ ಸೇರಿ 1962ರಲ್ಲಿ ಮಾಡಿಕೊಂಡ ಅಂತರರಾಷ್ಟ್ರೀಯ ಕಾಫಿ ಒಪ್ಪಂದ, ಪ್ರತಿ ದೇಶದ ರಫ್ತಿಗೆ ಕೋಟಾ ಹಾಕಿ ಬೆಲೆ ಪಾತಾಳಕ್ಕೆ ಇಳಿಯದಂತೆ ನೋಡಿಕೊಂಡಿತ್ತು. 1989ರ ಜುಲೈಯಲ್ಲಿ ಆ ಕೋಟಾಗಳು ಮುರಿದುಬಿದ್ದವು. ವಿಯೆಟ್ನಾಮಿನ ಹೊಸ ತೋಟಗಳ ಫಸಲು ಮಾರುಕಟ್ಟೆಗೆ ಬಂದು, 2001ರ ಕೊನೆಯ ಹೊತ್ತಿಗೆ ಅರೇಬಿಕಾ ಪೌಂಡಿಗೆ 50 ಅಮೆರಿಕನ್ ಸೆಂಟಿಗಿಂತ ಕೆಳಗೆ ಇಳಿಯಿತು. ನಿಕರಾಗುವಾದ ಮಟಗಾಲ್ಪಾದಲ್ಲಿ ಕೆಲಸ ಕಳೆದುಕೊಂಡ ತೋಟದ ಕಾರ್ಮಿಕರು ಹಸಿದ ಮಕ್ಕಳೊಂದಿಗೆ ಹೆದ್ದಾರಿಯ ಬದಿಯಲ್ಲಿ ಬೀಡುಬಿಟ್ಟರು. ಅವರಾರೂ ಆ ವರ್ಷ ಇದ್ದಕ್ಕಿದ್ದಂತೆ ಸೋಮಾರಿಗಳಾಗಿರಲಿಲ್ಲ. ನಮ್ಮಲ್ಲಿಯೂ ಕಾಫಿ ಮಂಡಳಿಯ ಸಾಮೂಹಿಕ ಮಾರಾಟದ ವ್ಯವಸ್ಥೆ 1996ರ ಹೊತ್ತಿಗೆ ಕೊನೆಗೊಂಡಿದ್ದರಿಂದ, ಆ ಕುಸಿತದ ಹೊಡೆತ ನೇರವಾಗಿ ಸಣ್ಣ ಬೆಳೆಗಾರರಿಗೆ, ಅವರ ಮೂಲಕ ಕೂಲಿಯವರಿಗೆ ತಗುಲಿತು.

ದೇಶಗಳ ಬಡತನದ ಕಾರಣಗಳಲ್ಲಿ ಯುದ್ಧವಿದೆ, ಭ್ರಷ್ಟ ಆಡಳಿತವಿದೆ, ವಸಾಹತುಕಾಲದ ಲೂಟಿಯಿದೆ, ಈಗ ಹವಾಮಾನವೂ ಸೇರಿಕೊಂಡಿದೆ. ಆದರೆ ಲೈನ್ ಮನೆಯ ಮುಂಗಡವನ್ನು ಬಲ್ಲವನಿಗೆ ಎಲ್ಲಕ್ಕಿಂತ ಬೇಗ ಅರ್ಥವಾಗುವುದು ಸಾಲ. ಆರೋಗ್ಯಕ್ಕೋ ಶಿಕ್ಷಣಕ್ಕೋ ಕೊಡುವುದಕ್ಕಿಂತ ಹೆಚ್ಚು ಹಣವನ್ನು ಬಡ್ಡಿಗೆ ಕಟ್ಟುವ ದೇಶಗಳಲ್ಲಿ ಇಂದು 300 ಕೋಟಿಗೂ ಹೆಚ್ಚು ಜನ ಬದುಕುತ್ತಿದ್ದಾರೆ. ಒಂದೆರಡು ಕಚ್ಚಾ ಸರಕುಗಳನ್ನೇ ಮಾರಿ ಬದುಕುವ ಸರ್ಕಾರ, ಬೆಲೆ ಬಿದ್ದ ವರ್ಷ ಮೊದಲು ಸಾಲದ ಕಂತು ಕಟ್ಟಿ, ಉಳಿದುದರಲ್ಲಿ ದಾದಿಯರಿಗೂ ಶಿಕ್ಷಕರಿಗೂ ಸಂಬಳ ಹುಡುಕುತ್ತದೆ. ಪರಿಣಾಮ ಮಕ್ಕಳ ಮೈಮೇಲೆ ಕಾಣುತ್ತದೆ: ಐದು ವರ್ಷದೊಳಗಿನ ಸುಮಾರು 15 ಕೋಟಿ ಮಕ್ಕಳು ಪೌಷ್ಟಿಕತೆಯ ಕೊರತೆಯಿಂದ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ, ಮತ್ತು ಆ ಮೊದಲ ವರ್ಷಗಳಲ್ಲಿ ಕಳೆದುಕೊಂಡದ್ದನ್ನು ಆಮೇಲೆ ಪೂರ್ತಿಯಾಗಿ ತುಂಬಿಕೊಡಲು ಸಾಧ್ಯವಿಲ್ಲ. ಬಡತನ ಮುಂದಿನ ತಲೆಮಾರಿಗೆ ದಾಟುವ ದಾರಿ ಇದೇ.

ಹಾಗೆಂದು ಇದು ಹಣೆಬರಹವಲ್ಲ. ವಿಶ್ವಬ್ಯಾಂಕ್ 2025ರಲ್ಲಿ ಕಡುಬಡತನದ ರೇಖೆಯನ್ನು ದಿನಕ್ಕೆ 3 ಡಾಲರಿಗೆ ಏರಿಸಿತು. ಆಯಾ ದೇಶದ ಬೆಲೆಗಳಿಗೆ ಹೊಂದಿಸಿದ ಈ ಲೆಕ್ಕದಲ್ಲಿ 1990ರಲ್ಲಿ 200 ಕೋಟಿಗೂ ಹೆಚ್ಚು ಜನ ರೇಖೆಯ ಕೆಳಗಿದ್ದರು, ಈಗ ಸುಮಾರು 80 ಕೋಟಿ. ಈ ಇಳಿಕೆಯ ದೊಡ್ಡ ಪಾಲು ಚೀನಾದ್ದು ಮತ್ತು ಭಾರತದ್ದು; ಉಳಿದವರಲ್ಲಿ ಬಹುಪಾಲು ಸಹಾರಾದ ಕೆಳಗಿನ ಆಫ್ರಿಕಾದಲ್ಲಿದ್ದಾರೆ.

ಪರಿಹಾರಗಳ ಪೈಕಿ ನನಗೆ ಹೆಚ್ಚು ಭರವಸೆ ಹುಟ್ಟಿಸಿದ್ದು ಬಾಂಗ್ಲಾದೇಶದ ಬ್ರಾಕ್ ಸಂಸ್ಥೆ 2002ರಲ್ಲಿ ಆರಂಭಿಸಿದ ಕ್ರಮ. ಕಡುಬಡ ಕುಟುಂಬದ ಹೆಂಗಸಿಗೆ ಹಸುವನ್ನೋ ಆಡುಗಳನ್ನೋ ಅವಳದೇ ಆಸ್ತಿಯಾಗಿ ಕೊಟ್ಟು, ಅದು ಫಲ ಕೊಡುವ ತನಕ ಊಟಕ್ಕೆಂದು ಸ್ವಲ್ಪ ಹಣ ಕೊಟ್ಟು, ತರಬೇತಿಯನ್ನೂ ಮನೆಭೇಟಿಯನ್ನೂ ಸುಮಾರು ಎರಡು ವರ್ಷ ಮುಂದುವರಿಸುತ್ತಾರೆ. ಭಾರತ, ಇಥಿಯೋಪಿಯಾ, ಪೆರು ಸೇರಿದಂತೆ ಆರು ದೇಶಗಳಲ್ಲಿ ಇದನ್ನು ಪರೀಕ್ಷಿಸಿದ ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ನೆರವು ನಿಂತ ಮೇಲೂ ಹೆಚ್ಚಿನ ಕಡೆ ಆ ಕುಟುಂಬಗಳ ಊಟ, ಆದಾಯ, ಉಳಿತಾಯ ಇಳಿಯಲಿಲ್ಲ. ಪಶ್ಚಿಮ ಬಂಗಾಳದಲ್ಲಿ ಹತ್ತು ವರ್ಷಗಳ ನಂತರವೂ ಆ ಏಳಿಗೆ ಉಳಿದಿತ್ತು. ಬಡವರಿಗೆ ಕೊಟ್ಟರೆ ಸೋಮಾರಿಗಳಾಗುತ್ತಾರೆ ಎಂಬ ಮಾತಿಗೆ ಇದಕ್ಕಿಂತ ಸ್ಪಷ್ಟವಾದ ಉತ್ತರ ನನಗೆ ಸಿಕ್ಕಿಲ್ಲ. ಅನ್ನಭಾಗ್ಯದ ಅಕ್ಕಿಯನ್ನು ಹಂಗಿಸುವವರೂ ಇದನ್ನು ಗಮನಿಸಬೇಕು: ಮನೆಯಲ್ಲಿ ಅಕ್ಕಿಯಿರುವವನು ಮಳೆಗಾಲದ ಹಸಿವಿಗಾಗಿ ಮುಂಗಡ ಕೇಳಬೇಕಾಗುವುದಿಲ್ಲ, ಮುಂಗಡವಿಲ್ಲದವನು ಒಳ್ಳೆಯ ಕೂಲಿಯ ಕಡೆಗೆ ಹೋಗಬಲ್ಲ.

ಕೊಡಗಿನ ಮಟ್ಟಿಗೆ ನಾನು ಕೇಳುವುದು ದೊಡ್ಡದೇನಲ್ಲ. 2025ರ ತನಕ ಜಾರಿಯಲ್ಲಿದ್ದ 1951ರ ತೋಟ ಕಾರ್ಮಿಕರ ಕಾಯ್ದೆ ಮನೆ, ಚಿಕಿತ್ಸೆಗಳನ್ನು ಕಡ್ಡಾಯ ಮಾಡಿದ್ದು ಐದು ಹೆಕ್ಟೇರಿಗಿಂತ ಕಡಿಮೆಯಿಲ್ಲದ, ಕನಿಷ್ಠ 15 ಕಾರ್ಮಿಕರಿರುವ ತೋಟಗಳಿಗೆ. ಸಣ್ಣ ತೋಟಗಳೇ ಹೆಚ್ಚಾಗಿರುವ ಜಿಲ್ಲೆಯಲ್ಲಿ ಆ ಹೊಣೆಯನ್ನು ಒಬ್ಬೊಬ್ಬ ಬೆಳೆಗಾರನ ತಲೆಗೆ ಕಟ್ಟುವ ಬದಲು ಪಂಚಾಯಿತಿಯೇ ವಹಿಸಿಕೊಳ್ಳಬೇಕು. 2006ರ ಅರಣ್ಯ ಹಕ್ಕು ಕಾಯ್ದೆಯ ಅರ್ಜಿಗಳು ಆದಿವಾಸಿಗಳ ವಸತಿಯಾದ ಹಾಡಿಯ ಗ್ರಾಮಸಭೆಯ ಎದುರಿನಲ್ಲಿಯೇ ತೀರ್ಮಾನವಾಗಬೇಕು. ನಿವೇಶನ ಕೊಡಲು ಜಾಗವೆಲ್ಲಿದೆ ಎನ್ನುವವರಿಗೆ ಹೇಳುತ್ತೇನೆ: ಬೆಳೆಗಾರರು ಒತ್ತುವರಿ ಮಾಡಿಕೊಂಡ ಸರ್ಕಾರಿ ಭೂಮಿಯನ್ನು ಅವರಿಗೇ ಗುತ್ತಿಗೆಗೆ ಕೊಡಲು ಸರ್ಕಾರ ನಿಯಮ ಮಾಡಿದೆ. ಆ ಕಡತಗಳಿಗಾಗಿ ಸರ್ವೆಯವರು ಬರುವಾಗಲೇ, ಅದೇ ಊರಿನ ಲೈನ್ ಮನೆಗಳ ಪಟ್ಟಿಯನ್ನೂ ಹಿಡಿದು ಬಂದು, ಮನೆಗೊಂದು ಐದು ಸೆಂಟ್ ಜಾಗ ಅಳೆದು, ಆ ಮನೆಯ ಹೆಂಗಸಿನ ಹೆಸರಿಗೆ ಹಕ್ಕುಪತ್ರ ಬರೆಯಲಿ.